ಫೋನ್ ನಂಬರಿಗೂ ಒಂದು ದಣಪೆ ಬೇಕು



ಕಾರವಾರ, ಅಂಕೋಲಾ ತಾಲೂಕುಗಳ ಸದಸ್ಯರಲ್ಲಿ ಹಾಲಿನ ಜೊತೆಗೆ ಬೇರೆ ಸಣ್ಣ ವ್ಯಾಪಾರವನ್ನೂ ನಡೆಸುವವರಿದ್ದಾರೆ. ಮನೆಯಲ್ಲೇ ಕಾಸಿದ ತುಪ್ಪ, ಎರೆಗೊಬ್ಬರ, ಒಣಗಿಸಿದ ಮುರುಗಲ ಸಿಪ್ಪೆ, ಸಾಕಿ ಬೆಳೆಸಿದ ಕಡಸು, ಹೀಗೆ ಮಾರಲು ಏನಾದರೊಂದು ಇರುತ್ತದೆ. ಸಮುದ್ರದಂಡೆಯ ಊರುಗಳಲ್ಲಿ ಪ್ರವಾಸಿಗರಿಗೆ ಮನೆಯ ಕೋಣೆ ಬಿಟ್ಟುಕೊಡುವವರೂ ಇದ್ದಾರೆ. ಅಂಕೋಲೆಯ ಕರಿ ಇಶಾಡು ಮಾವಿಗೆ 2023ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆತಿದೆ. ದೂರದ ಊರಿನವರೂ ಈಗ ಅದರ ಹೆಸರು ಹೇಳಿ ಹಣ್ಣು ಕೇಳುವಂತಾಗಿದೆ. ಇಂಥ ಗಿರಾಕಿಗಳು ನಮ್ಮನ್ನು ಹುಡುಕಿಕೊಂಡು ಬರಬೇಕಾದರೆ ನಮ್ಮ ಫೋನ್ ನಂಬರು, ವಿಳಾಸ ಎಲ್ಲಾದರೂ ಕಾಣುವಂತಿರಬೇಕು. ಆದಕಾರಣ ಮಗನೋ ಮಗಳೋ ಒಂದು ಚಿಕ್ಕ ವೆಬ್‌ಸೈಟ್ ಮಾಡಿಸಿ ಅದರಲ್ಲಿ ಮನೆಯ ಮೊಬೈಲ್ ನಂಬರನ್ನೂ ಇಮೇಲ್ ವಿಳಾಸವನ್ನೂ ಹಾಕುತ್ತಾರೆ.

ತೊಂದರೆ ಪ್ರಾರಂಭವಾಗುವುದು ಅಲ್ಲಿಂದ. ಮಾವಿನ ಸುಗ್ಗಿ ಮೇ ತಿಂಗಳಿಗೆ ಮುಗಿಯುತ್ತದೆ, ಕರೆಗಳು ಮಾತ್ರ ವರ್ಷವಿಡೀ ಬರುತ್ತವೆ. ಸಾಲ ಬೇಕೇ, ನಿವೇಶನ ಬೇಕೇ, ನಿಮಗೆ ಬಹುಮಾನ ಬಂದಿದೆ ಎಂಬ ಕರೆ ಹಾಲು ಕರೆಯುವ ಹೊತ್ತಿಗೇ ಬರುತ್ತದೆ. ಕಿರಿಕಿರಿ ಇಷ್ಟಕ್ಕೇ ನಿಂತರೆ ಸಹಿಸಬಹುದು. ಆದರೆ ಹಾಲಿನ ಬಟವಾಡೆ ಜಮೆಯಾದ ಸಂದೇಶ, ಸರ್ಕಾರದ ಪ್ರೋತ್ಸಾಹಧನದ ಸಂದೇಶ, ಬ್ಯಾಂಕಿನ ಓಟಿಪಿ, ಇವೆಲ್ಲ ಬರುವುದೂ ಅದೇ ನಂಬರಿಗೆ. ಊರಿಗೆಲ್ಲ ತೋರಿಸಿದ ನಂಬರೂ ಖಾತೆಗೆ ಜೋಡಿಸಿದ ನಂಬರೂ ಒಂದೇ ಆದಾಗ ವಂಚಕನ ಕೆಲಸ ಅರ್ಧ ಮುಗಿದಂತೆ. ಗಿರಾಕಿಗೆ ಸಿಗುವಂತೆ, ಆದರೆ ಬೇಡದವರಿಗೆ ಸುಲಭವಾಗಿ ದಕ್ಕದಂತೆ ನಮ್ಮ ವಿಳಾಸವನ್ನು ಹೇಗೆ ಪ್ರಕಟಿಸಬೇಕು ಎಂಬುದನ್ನು ಸದಸ್ಯರ ಹಿತದೃಷ್ಟಿಯಿಂದ ಇಲ್ಲಿ ವಿವರಿಸಲಾಗಿದೆ.

ನಮ್ಮ ಕಡೆಯ ಹಿತ್ತಲಿಗೆ ದಣಪೆ ಇರುವುದು ಎಲ್ಲರಿಗೂ ಗೊತ್ತು. ಮನುಷ್ಯ ದಾಟಿ ಒಳಗೆ ಬರುತ್ತಾನೆ, ಬೀಡಾಡಿ ದನ ಹೊರಗೇ ನಿಲ್ಲುತ್ತದೆ. ಬೇಲಿಯನ್ನು ಪೂರ್ತಿ ಮುಚ್ಚಿದರೆ ನೆಂಟರೂ ಬರಲಾರರು, ಪೂರ್ತಿ ತೆರೆದಿಟ್ಟರೆ ಬೆಳೆಯೇ ಉಳಿಯದು. ಫೋನ್ ನಂಬರಿನ ವಿಷಯದಲ್ಲೂ ಇದೇ ಮಾತು.

ಬೇಡದ ಸಂದೇಶಕ್ಕೆ ಸ್ಪ್ಯಾಮ್ ಎಂಬ ಹೆಸರು

ಕೇಳದೆ, ಒಪ್ಪಿಗೆ ಪಡೆಯದೆ, ಒಂದೇ ಸಲಕ್ಕೆ ಸಾವಿರಾರು ಜನರಿಗೆ ಕಳಿಸುವ ಜಾಹೀರಾತು ಸಂದೇಶಕ್ಕೆ ಸ್ಪ್ಯಾಮ್ ಎನ್ನುತ್ತಾರೆ. ಇದು ಮೂಲತಃ 1937ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಡಬ್ಬಿ ಮಾಂಸದ ಹೆಸರು. 1970ರಲ್ಲಿ ಬ್ರಿಟನ್ನಿನ ದೂರದರ್ಶನದ ಹಾಸ್ಯ ಕಾರ್ಯಕ್ರಮವೊಂದರಲ್ಲಿ ಈ ಹೆಸರನ್ನೇ ಮತ್ತೆ ಮತ್ತೆ ಕೂಗಿ ಉಳಿದ ಮಾತು ಕೇಳದಂತೆ ಮಾಡುವ ದೃಶ್ಯವಿತ್ತು. ಬೇಡದ ಸಂದೇಶಗಳು ಬೇಕಾದ ಸಂದೇಶಗಳನ್ನು ಮುಳುಗಿಸುವುದರಿಂದ ಅವಕ್ಕೂ ಇದೇ ಹೆಸರು ಅಂಟಿಕೊಂಡಿತು.

ಇಂಥ ಮೊದಲ ಸಂದೇಶ ಹೋದದ್ದು 1978ರ ಮೇ ತಿಂಗಳಲ್ಲಿ. ಅಮೆರಿಕದ ಕಂಪ್ಯೂಟರ್ ಕಂಪನಿಯೊಂದರ ಮಾರಾಟ ವಿಭಾಗದವರೊಬ್ಬರು ಆಗಿನ ಜಾಲದಲ್ಲಿದ್ದ ಸುಮಾರು 400 ಜನರಿಗೆ ಒಟ್ಟಿಗೆ ಜಾಹೀರಾತು ಕಳಿಸಿದರು. ಅವರಿಗೆ ವಿಳಾಸಗಳು ಸಿಕ್ಕಿದ್ದು ಬಳಕೆದಾರರ ಅಚ್ಚಾದ ಪಟ್ಟಿಯಿಂದ. ವಿಳಾಸ ಎಲ್ಲರಿಗೂ ಕಾಣುವಲ್ಲಿ ಇದ್ದರೆ ಅದು ಪಟ್ಟಿ ಸೇರುತ್ತದೆ ಎಂಬ ಪಾಠ ಅಂದಿನಿಂದ ಇಂದಿನವರೆಗೆ ಬದಲಾಗಿಲ್ಲ.

ನಮ್ಮ ನಂಬರು ಅವರಿಗೆ ಸಿಗುವುದು ಹೇಗೆ?

ಯಾರೋ ಕುಳಿತು ನಮ್ಮ ವೆಬ್‌ಸೈಟ್ ಓದಿ ನಂಬರು ಬರೆದುಕೊಳ್ಳುತ್ತಾರೆ ಎಂದು ತಿಳಿಯುವುದು ತಪ್ಪು. ಈ ಕೆಲಸಕ್ಕೆ ಕಂಪ್ಯೂಟರ್ ಪ್ರೋಗ್ರಾಮ್‌ಗಳಿವೆ. ಅವುಗಳಿಗೆ ಬಾಟ್ ಎನ್ನುತ್ತಾರೆ. ಅವು ಹಗಲು ರಾತ್ರಿ ಒಂದು ಪುಟದಿಂದ ಇನ್ನೊಂದು ಪುಟಕ್ಕೆ ಹೋಗುತ್ತಾ ವಿಳಾಸಗಳನ್ನು ಹೆಕ್ಕುತ್ತವೆ. ‘@’ ಗುರುತು ಕಂಡರೆ ಅದರ ಎಡಬಲದ ಅಕ್ಷರಗಳು ಇಮೇಲ್ ವಿಳಾಸವೆಂದು ಗುರುತಿಸುತ್ತವೆ. 6, 7, 8 ಅಥವಾ 9ರಿಂದ ಪ್ರಾರಂಭವಾಗುವ ಹತ್ತು ಅಂಕಿಗಳು ಒಟ್ಟಿಗೆ ಕಂಡರೆ ಭಾರತದ ಮೊಬೈಲ್ ನಂಬರೆಂದು ಎತ್ತಿಕೊಳ್ಳುತ್ತವೆ. ಹೀಗೆ ಕೂಡಿಹಾಕಿದ ಪಟ್ಟಿ ಒಬ್ಬರಿಂದ ಒಬ್ಬರಿಗೆ ಮಾರಾಟವಾಗುತ್ತದೆ. ಒಮ್ಮೆ ಪಟ್ಟಿಗೆ ಸೇರಿದ ನಂಬರನ್ನು ಎಲ್ಲ ಕಡೆಯಿಂದ ಹಿಂದಕ್ಕೆ ಪಡೆಯುವುದು ಸಾಧ್ಯವಿಲ್ಲ. ಕರೆದ ಹಾಲು ಮತ್ತೆ ಕೆಚ್ಚಲಿಗೆ ಹೋದೀತೇ?

ಇನ್ನೂ ಮೂರು ದಾರಿಗಳಿವೆ. ವೆಬ್‌ಸೈಟಿನ ಹೆಸರು ನೋಂದಾಯಿಸುವಾಗ ಕೊಟ್ಟ ಫೋನ್, ಇಮೇಲ್ ಕೆಲವು ಸಲ ಸಾರ್ವಜನಿಕ ದಾಖಲೆಯಲ್ಲಿ ಕಾಣಿಸುತ್ತವೆ. ಹಣ ಪಡೆಯುವ ಯುಪಿಐ ವಿಳಾಸದಲ್ಲಿ ಮೊಬೈಲ್ ನಂಬರೇ ಸೇರಿರುವುದುಂಟು. ಅಂಥ ಕ್ಯೂಆರ್ ಚಿತ್ರವನ್ನು ಪುಟದಲ್ಲಿ ಹಾಕಿದರೆ ನಂಬರೂ ಅದರೊಳಗೆ ಹೋಯಿತು. ಮೂರನೆಯದಾಗಿ, ಸದಸ್ಯರ ಪಟ್ಟಿಯ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕುವ ಅಭ್ಯಾಸ. ಮೊದಲ ಗುಂಪಿನಲ್ಲಿ ನಮ್ಮವರೇ ಇರಬಹುದು, ಅಲ್ಲಿಂದ ಆ ಫೋಟೋ ಎಲ್ಲಿಗೆ ಹೋಯಿತೆಂದು ಹೇಳುವವರಿಲ್ಲ.

ಪ್ರಯೋಗದಿಂದ ತಿಳಿದ ಸಂಗತಿ

ಅಮೆರಿಕದ ಪ್ರಜಾಪ್ರಭುತ್ವ ಮತ್ತು ತಂತ್ರಜ್ಞಾನ ಕೇಂದ್ರ ಎಂಬ ಸಂಸ್ಥೆ 2003ರಲ್ಲಿ ಒಂದು ಪ್ರಯೋಗದ ವರದಿ ಪ್ರಕಟಿಸಿತು. ಸುಮಾರು 250 ಹೊಸ ಇಮೇಲ್ ವಿಳಾಸಗಳನ್ನು ಮಾಡಿ, ಒಂದೊಂದನ್ನು ಒಂದೊಂದು ಬಗೆಯಲ್ಲಿ ಬಳಸಿ, ಆರು ತಿಂಗಳು ಕಾದು ನೋಡಿದರು. ಬಂದ ಸ್ಪ್ಯಾಮ್ ಸಂದೇಶಗಳು ಎಂಟು ಸಾವಿರಕ್ಕೂ ಹೆಚ್ಚು. ಅವುಗಳಲ್ಲಿ ನೂರಕ್ಕೆ 97ರಷ್ಟು ಬಂದದ್ದು ಸಾರ್ವಜನಿಕ ವೆಬ್ ಪುಟದಲ್ಲಿ ಬಹಿರಂಗವಾಗಿ ಹಾಕಿದ್ದ ವಿಳಾಸಗಳಿಗೆ. ಅದೇ ರೀತಿಯ ಪುಟಗಳಲ್ಲಿ ‘@’ ಗುರುತಿನ ಬದಲು ಅಕ್ಷರದಲ್ಲಿ ಬಿಡಿಸಿ ಬರೆದ ವಿಳಾಸಗಳಿಗೆ ಒಂದೂ ಸ್ಪ್ಯಾಮ್ ಬರಲಿಲ್ಲ.

ಅಂದಿನಿಂದ ಬಾಟ್‌ಗಳೂ ಜಾಣವಾಗಿವೆ, ಆದ್ದರಿಂದ ಅದೇ ಫಲ ಇಂದೂ ಪೂರ್ತಿಯಾಗಿ ಸಿಗುತ್ತದೆ ಎನ್ನಲಾಗದು. ಆದರೂ ಪ್ರಯೋಗದ ತಿರುಳು ಇಂದಿಗೂ ಸರಿ. ಕಳ್ಳ ಮೊದಲು ಹೋಗುವುದು ಬೀಗ ಹಾಕದ ಮನೆಗೆ.

ಇಮೇಲ್ ವಿಳಾಸ ಪ್ರಕಟಿಸುವ ನಾಲ್ಕು ಕ್ರಮಗಳು

1. ಅಕ್ಷರದಲ್ಲಿ ಬಿಡಿಸಿ ಬರೆಯುವುದು: ಇದರ ಮಾದರಿ ನಮ್ಮ ಕಣ್ಣೆದುರೇ ಇದೆ. ಕೇಂದ್ರ ಸರ್ಕಾರದ ಎನ್‌ಐಸಿ ಸಂಸ್ಥೆ ಸಿದ್ಧಪಡಿಸುವ ಜಿಲ್ಲಾಡಳಿತಗಳ ವೆಬ್‌ಸೈಟುಗಳಲ್ಲಿ ಅಧಿಕಾರಿಗಳ ಇಮೇಲ್ ವಿಳಾಸವನ್ನು ‘@’ ಹಾಕದೆ, ಆ ಜಾಗದಲ್ಲಿ ‘ಅಟ್’ ಎಂದೂ ಚುಕ್ಕೆಯ ಜಾಗದಲ್ಲಿ ‘ಡಾಟ್’ ಎಂದೂ ಚೌಕ ಕಂಸದೊಳಗೆ ಬರೆದಿರುತ್ತಾರೆ. ಓದುವ ಮನುಷ್ಯನಿಗೆ ಅರ್ಥವಾಗುತ್ತದೆ, ದಡ್ಡ ಬಾಟ್‌ಗೆ ತಪ್ಪಿಹೋಗುತ್ತದೆ. ಖರ್ಚಿಲ್ಲದ ಉಪಾಯ. ಆದರೆ ಗಿರಾಕಿ ವಿಳಾಸವನ್ನು ತಾನೇ ಸರಿಪಡಿಸಿ ಬರೆದುಕೊಳ್ಳಬೇಕಾಗುತ್ತದೆ.

2. ಚಿತ್ರವಾಗಿ ಹಾಕುವುದು: ವಿಳಾಸವನ್ನು ಫೋಟೋದಂತೆ ಹಾಕುವ ಪದ್ಧತಿ ಇದೆ. ಹಿಂದೆ ಇದು ಚೆನ್ನಾಗಿ ನಡೆಯುತ್ತಿತ್ತು. ಈಗ ಚಿತ್ರದಲ್ಲಿರುವ ಅಕ್ಷರಗಳನ್ನು ಓದುವ ತಂತ್ರಜ್ಞಾನ ಸಾಮಾನ್ಯ ಮೊಬೈಲಿನಲ್ಲೇ ಬಂದಿದೆ. ಮೇಲಾಗಿ, ಕಣ್ಣು ಕಾಣದವರು ಬಳಸುವ ಓದುವ ಸಾಧನಕ್ಕೆ ಈ ವಿಳಾಸ ಕಾಣುವುದಿಲ್ಲ. ಇದೊಂದನ್ನೇ ನೆಚ್ಚಿಕೊಳ್ಳಬಾರದು.

3. ವಿಳಾಸವನ್ನು ಸಂಕೇತದಲ್ಲಿ ಅಡಗಿಸುವುದು: ಪುಟ ತೆರೆದಾಗ ಅಥವಾ ಗುಂಡಿ ಒತ್ತಿದಾಗ ಮಾತ್ರ ವಿಳಾಸ ಜೋಡಿಸಿ ತೋರಿಸುವ ವ್ಯವಸ್ಥೆ ಇದು. ಗಿರಾಕಿಗೆ ಯಾವ ತೊಂದರೆಯೂ ಇಲ್ಲ. ವೆಬ್‌ಸೈಟ್ ಮಾಡುವವರಿಗೆ ಇದು ದೊಡ್ಡ ಕೆಲಸವಲ್ಲ, ಕೇಳಿ ಮಾಡಿಸಿಕೊಳ್ಳಬೇಕು ಅಷ್ಟೆ.

4. ವಿಚಾರಣೆಯ ನಮೂನೆ ಇಡುವುದು: ಹೆಸರು, ಊರು, ಬೇಕಾದ ಪದಾರ್ಥ, ಫೋನ್ ನಂಬರು ಎಂದು ನಾಲ್ಕು ಖಾನೆಗಳ ಒಂದು ನಮೂನೆ. ಗಿರಾಕಿ ತುಂಬಿ ಕಳಿಸಿದರೆ ಅದು ನಮ್ಮ ಇಮೇಲಿಗೆ ಬರುತ್ತದೆ, ನಮ್ಮ ವಿಳಾಸ ಮಾತ್ರ ಹೊರಗೆ ಕಾಣುವುದಿಲ್ಲ. ನಾಲ್ಕರಲ್ಲಿ ಇದೇ ಹೆಚ್ಚು ಭದ್ರ. ಆದರೆ ಬಾಟ್‌ಗಳು ನಮೂನೆಯನ್ನೂ ತುಂಬಿ ಕಳಿಸುತ್ತವೆ. ಅದನ್ನು ತಡೆಯಲು ಒಂದು ಸೊಗಸಾದ ಉಪಾಯವಿದೆ. ಮನುಷ್ಯನ ಕಣ್ಣಿಗೆ ಕಾಣದಂತೆ ಒಂದು ಹೆಚ್ಚಿನ ಖಾನೆಯನ್ನು ನಮೂನೆಯಲ್ಲಿ ಇಟ್ಟಿರುತ್ತಾರೆ. ಗಿರಾಕಿ ಅದನ್ನು ತುಂಬುವುದಿಲ್ಲ, ಏಕೆಂದರೆ ಅವನಿಗೆ ಅದು ಕಾಣುವುದೇ ಇಲ್ಲ. ಬಾಟ್ ಕಂಡ ಖಾನೆಯನ್ನೆಲ್ಲ ತುಂಬುತ್ತದೆ, ಸಿಕ್ಕಿಬೀಳುತ್ತದೆ. ಆ ಖಾನೆ ತುಂಬಿ ಬಂದ ಅರ್ಜಿಯನ್ನು ನೋಡದೆಯೇ ತಳ್ಳಿಹಾಕಬಹುದು.

ನಮ್ಮ ಗಿರಾಕಿಗಳಲ್ಲಿ ನಮೂನೆ ತುಂಬುವಷ್ಟು ತಾಳ್ಮೆ ಇಲ್ಲದವರೇ ಜಾಸ್ತಿ ಎಂಬುದೂ ನಿಜ. ತುಪ್ಪ ಬೇಕಾದವರು ನೇರವಾಗಿ ಫೋನ್ ಮಾಡುತ್ತಾರೆ. ಆದ್ದರಿಂದ ಫೋನಿನ ವಿಷಯವೇ ಮುಖ್ಯ.

ಫೋನ್ ನಂಬರು: ಅಡಗಿಸುವುದಲ್ಲ, ಬೇರೆ ಮಾಡುವುದು

ಫೋನ್ ನಂಬರನ್ನು ಗಿರಾಕಿಯಿಂದ ಅಡಗಿಸಿ ವ್ಯಾಪಾರ ಮಾಡಲು ಬರುವುದಿಲ್ಲ. ಅಂಕಿಗಳನ್ನು ತಿರುಚಿ ಬರೆದರೆ ಬಾಟ್ ತಪ್ಪುವ ಬದಲು ಗಿರಾಕಿಯೇ ತಪ್ಪಿಹೋದಾನು. ಇದಕ್ಕೆ ಇರುವ ಸರಿಯಾದ ಉಪಾಯ ಒಂದೇ, ವ್ಯಾಪಾರಕ್ಕೆ ಬೇರೆ ನಂಬರು ಇಟ್ಟುಕೊಳ್ಳುವುದು. ಹೆಚ್ಚಿನ ಮೊಬೈಲುಗಳಲ್ಲಿ ಎರಡು ಸಿಮ್ ಹಾಕುವ ಅನುಕೂಲವಿದೆ. ಮನೆಯ ನಂಬರು ಮನೆಗೆ, ಬ್ಯಾಂಕಿಗೆ, ಸಂಘಕ್ಕೆ. ಇನ್ನೊಂದು ನಂಬರು ಬೋರ್ಡಿಗೆ, ಡಬ್ಬಿಯ ಚೀಟಿಗೆ, ವೆಬ್‌ಸೈಟಿಗೆ. ಹೀಗೆ ಮಾಡುವಾಗ ಈ ಕೆಳಗಿನ ಅಂಶಗಳನ್ನು ಗಮನಿಸಬೇಕು.

* ವ್ಯಾಪಾರದ ನಂಬರನ್ನು ಹಾಲಿನ ಹಣ ಬರುವ ಖಾತೆಗಾಗಲಿ ಆಧಾರ್‌ಗಾಗಲಿ ಜೋಡಿಸಬಾರದು. ಆಗ ಆ ನಂಬರಿಗೆ ಎಂಥ ವಂಚನೆಯ ಸಂದೇಶ ಬಂದರೂ ಖಾತೆಯ ಓಟಿಪಿ ಅಲ್ಲಿಗೆ ಬರುವುದೇ ಇಲ್ಲ. ಬ್ಯಾಂಕಿನ ಹೆಸರು ಹೇಳಿ ಆ ನಂಬರಿಗೆ ಕರೆ ಬಂದರೆ ಅದು ಸುಳ್ಳೆಂದು ಕೂಡಲೇ ಗೊತ್ತಾಗುತ್ತದೆ. ಬೇರೆ ನಂಬರಿನ ದೊಡ್ಡ ಲಾಭ ಇದೇ.

* ಗಿರಾಕಿಗಳಿಂದ ಹಣ ಪಡೆಯಲು ಸಾಧ್ಯವಾದರೆ ಒಂದು ಚಿಕ್ಕ ಪ್ರತ್ಯೇಕ ಖಾತೆ ಇಡುವುದು ಒಳ್ಳೆಯದು. ಅದರ ಯುಪಿಐ ವಿಳಾಸದಲ್ಲಿ ಮನೆಯ ಮೊಬೈಲ್ ನಂಬರು ಇರದಂತೆ ನೋಡಿಕೊಳ್ಳಬೇಕು. ಆ ಖಾತೆಯಲ್ಲಿ ಹೆಚ್ಚು ಹಣ ನಿಲ್ಲಿಸದೆ ಆಗಾಗ ಮುಖ್ಯ ಖಾತೆಗೆ ವರ್ಗಾಯಿಸಬೇಕು.

* ವಾಟ್ಸಾಪ್‌ನ ವ್ಯಾಪಾರಿ ಆವೃತ್ತಿ 2018ರಲ್ಲಿ ಬಂದಿದೆ. ವ್ಯಾಪಾರದ ನಂಬರಿನಲ್ಲಿ ಅದನ್ನು ಹಾಕಿಕೊಂಡರೆ ಪದಾರ್ಥಗಳ ಪಟ್ಟಿ, ದರ, ಮಾತಾಡುವ ವೇಳೆ ಎಲ್ಲವನ್ನೂ ಒಮ್ಮೆ ಬರೆದಿಡಬಹುದು. ನಾವು ಕೊಟ್ಟಿಗೆಯಲ್ಲಿರುವಾಗ ಅದೇ ಉತ್ತರ ಕೊಡುತ್ತದೆ.

* ವೆಬ್‌ಸೈಟಿನಲ್ಲಿಯೂ ಬೋರ್ಡಿನಲ್ಲಿಯೂ ಮಾತಾಡುವ ವೇಳೆಯನ್ನು ಬರೆಯಬೇಕು. ಬೆಳಿಗ್ಗೆ 10ರಿಂದ ಮಧ್ಯಾಹ್ನ 1 ಎಂದು ಬರೆದರೆ ನಿಜವಾದ ಗಿರಾಕಿ ಆ ಹೊತ್ತಿಗೆ ಕರೆ ಮಾಡುತ್ತಾನೆ. ಉಳಿದ ವೇಳೆ ಆ ಸಿಮ್ಮಿನ ಗಂಟೆಯನ್ನು ಮೌನಕ್ಕೆ ಹಾಕಿಡಬಹುದು.

* ಸಿಮ್ ಮನೆಯವರ ಹೆಸರಿನಲ್ಲೇ ಇರಲಿ, ರೀಚಾರ್ಜ್ ತಪ್ಪಿಸಬೇಡಿ. ಬಹಳ ದಿನ ಬಳಸದೆ ಬಿಟ್ಟ ನಂಬರನ್ನು ಕಂಪನಿ ಬೇರೆಯವರಿಗೆ ಕೊಡುತ್ತದೆ. ಆಗ ನಮ್ಮ ತುಪ್ಪದ ಡಬ್ಬಿ ನೋಡಿ ಮಾಡಿದ ಕರೆ ಅಪರಿಚಿತರಿಗೆ ಹೋದೀತು.

* ವೆಬ್‌ಸೈಟಿನ ಹೆಸರು ನೋಂದಾಯಿಸುವಾಗಲೂ ವ್ಯಾಪಾರದ ನಂಬರು ಮತ್ತು ಇಮೇಲನ್ನೇ ಕೊಡಬೇಕು.

* ವಿಶ್ವಾಸ ಬರಲೆಂದು ಆಧಾರ್ ಚೀಟಿ, ಪಾಸ್‌ಬುಕ್ಕಿನ ಮೊದಲ ಪುಟ, ಸಹಿ ಇರುವ ರಸೀದಿ ಇವುಗಳ ಫೋಟೋ ಹಾಕುವವರಿದ್ದಾರೆ. ಎಂದಿಗೂ ಹಾಕಬಾರದು. ಗಿರಾಕಿಗೆ ಬೇಕಾದದ್ದು ಊರು, ಪದಾರ್ಥ, ದರ ಮತ್ತು ಒಂದು ನಂಬರು ಮಾತ್ರ.

ಈಗಾಗಲೇ ಮನೆಯ ನಂಬರನ್ನೇ ಎಲ್ಲ ಕಡೆ ಹಾಕಿದವರು ಬ್ಯಾಂಕಿನ ನಂಬರು ಬದಲಿಸುವ ಆತುರಕ್ಕೆ ಹೋಗುವುದು ಬೇಡ. ಹೊಸ ಸಿಮ್ ಕೊಂಡು ಅದನ್ನು ವ್ಯಾಪಾರಕ್ಕೆ ಮಾಡಿ, ಹಳೆಯ ನಂಬರನ್ನು ವೆಬ್‌ಸೈಟ್, ಬೋರ್ಡುಗಳಿಂದ ತೆಗೆಸಿದರೆ ಸಾಕು. ಹಳೆಯ ಪಟ್ಟಿಯವರ ಕರೆಗಳು ಒಂದೇ ದಿನಕ್ಕೆ ನಿಲ್ಲುವುದಿಲ್ಲ. ಆದರೆ ಹೊಸ ಪಟ್ಟಿಗೆ ಸೇರುವುದು ತಪ್ಪುತ್ತದೆ.

ಕರೆ ಬಂದಾಗ ಗುರುತಿಸುವುದು ಹೇಗೆ?

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ, ಅಂದರೆ ಟ್ರಾಯ್, ಜಾಹೀರಾತಿನ ಕರೆಗಳಿಗೆ 140ರಿಂದ ಪ್ರಾರಂಭವಾಗುವ ನಂಬರುಗಳನ್ನು ಗೊತ್ತುಮಾಡಿದೆ. ಬ್ಯಾಂಕು ಮೊದಲಾದ ಹಣಕಾಸು ಸಂಸ್ಥೆಗಳು ಮತ್ತು ಸರ್ಕಾರ ತಮ್ಮ ಗ್ರಾಹಕರಿಗೆ ಮಾಡುವ ಸೇವಾ ಕರೆಗಳಿಗೆ 1600ರ ಸರಣಿಯನ್ನು ಮೀಸಲಿಟ್ಟಿದೆ. ಬ್ಯಾಂಕಿನ ಸಂದೇಶ ಬರುವುದು ಅಕ್ಷರಗಳಿರುವ ಹೆಸರಿನಿಂದ, ಹತ್ತಂಕಿಯ ಸಾಮಾನ್ಯ ಮೊಬೈಲಿನಿಂದಲ್ಲ. ಹತ್ತಂಕಿಯ ನಂಬರಿನಿಂದ ‘ನಿಮ್ಮ ಖಾತೆಗೆ ಹಣ ಜಮೆಯಾಗಿದೆ’ ಎಂಬ ಸಂದೇಶ ಬಂದರೆ ನಂಬಬೇಡಿ, ಪಾಸ್‌ಬುಕ್ ಅಥವಾ ಬ್ಯಾಂಕಿನ ಆ್ಯಪ್ ನೋಡಿ ಖಾತ್ರಿ ಮಾಡಿಕೊಳ್ಳಿ.

ನಮ್ಮ ಭಾಗದವರು ವಿಶೇಷವಾಗಿ ಎಚ್ಚರ ವಹಿಸಬೇಕಾದ ಒಂದು ಬಗೆಯ ವಂಚನೆ ಇದೆ. ಸೈನಿಕರ ಹೆಸರು ಹೇಳಿ ವ್ಯಾಪಾರಿಗಳನ್ನು ಮೋಸಗೊಳಿಸುವುದು ದೇಶದ ನಾನಾ ಕಡೆ ನಡೆದಿದೆ. ಕಾರವಾರದಲ್ಲಿ 2005ರಿಂದ ಕದಂಬ ನೌಕಾನೆಲೆ ಇರುವುದರಿಂದ, ‘ನೌಕಾನೆಲೆಯಿಂದ ಮಾತಾಡುತ್ತಿದ್ದೇನೆ, ಹತ್ತು ಕಿಲೋ ತುಪ್ಪ ಬೇಕು’ ಎಂದರೆ ಇಲ್ಲಿ ಯಾರಿಗೂ ಸಂಶಯ ಬರುವುದಿಲ್ಲ. ವಂಚಕ ದರ ಚೌಕಾಸಿ ಮಾಡುವುದಿಲ್ಲ, ಪದಾರ್ಥ ನೋಡಬೇಕೆನ್ನುವುದಿಲ್ಲ. ಮುಂಗಡ ಕಳಿಸುತ್ತೇನೆ ಎಂದು ಒಂದು ಕ್ಯೂಆರ್ ಚಿತ್ರ ಕಳಿಸಿ, ಅದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ ಎನ್ನುತ್ತಾನೆ. ಒತ್ತಿದರೆ ಹಣ ಬರುವುದಿಲ್ಲ, ಹೋಗುತ್ತದೆ. ಅಥವಾ ‘ತಪ್ಪಿ ಹೆಚ್ಚು ಹಣ ಹಾಕಿದ್ದೇನೆ, ಉಳಿದದ್ದು ಹಿಂದಿರುಗಿಸಿ’ ಎಂದು ಸುಳ್ಳು ಸಂದೇಶ ತೋರಿಸುತ್ತಾನೆ. ಒಂದು ಮಾತನ್ನು ಮನೆಮಂದಿಯೆಲ್ಲ ಬಾಯಿಪಾಠ ಮಾಡಬೇಕು: ಹಣ ಕೊಡುವಾಗ ಮಾತ್ರ ಪಿನ್ ಬೇಕು, ಹಣ ಪಡೆಯಲು ಪಿನ್ನೂ ಬೇಡ, ಓಟಿಪಿಯೂ ಬೇಡ.

ದೂರು ಎಲ್ಲಿ ಕೊಡಬೇಕು?

ಜಾಹೀರಾತು ಕರೆ, ಸಂದೇಶ ಬೇಡವೆಂದು ನೋಂದಾಯಿಸಲು 1909ಕ್ಕೆ ಕರೆ ಮಾಡಬೇಕು. ಬೇಡದ ಕರೆಯ ಬಗ್ಗೆ ದೂರು ಕೊಡುವುದೂ ಅದೇ ನಂಬರಿಗೆ. 2025ರ ಫೆಬ್ರವರಿಯಲ್ಲಿ ಟ್ರಾಯ್ ಮಾಡಿದ ತಿದ್ದುಪಡಿಯಂತೆ, ಮೊದಲೇ ನೋಂದಾಯಿಸದವರೂ ನೋಂದಣಿಯಿಲ್ಲದ ಜಾಹೀರಾತುದಾರರ ಮೇಲೆ ದೂರು ಕೊಡಬಹುದು. ದೂರು ಕೊಡುವ ಅವಧಿಯನ್ನು 3 ದಿನದಿಂದ 7 ದಿನಕ್ಕೆ ಹೆಚ್ಚಿಸಲಾಗಿದೆ. ಕರೆ ಬಂದ ನಂಬರು, ದಿನಾಂಕ ಬರೆದಿಟ್ಟುಕೊಂಡಿರಬೇಕು.

ವಂಚನೆಯ ಸಂಶಯವಿರುವ, ಆದರೆ ಹಣ ಹೋಗಿರದ ಕರೆಯನ್ನು ದೂರಸಂಪರ್ಕ ಇಲಾಖೆಯ ಸಂಚಾರ ಸಾಥಿಯಲ್ಲಿರುವ ಚಕ್ಷು ವಿಭಾಗಕ್ಕೆ ತಿಳಿಸಬಹುದು. ನಮ್ಮ ಹೆಸರಿನಲ್ಲಿ ಎಷ್ಟು ಸಿಮ್‌ಗಳಿವೆ ಎಂಬುದನ್ನೂ ಅಲ್ಲೇ ನೋಡಬಹುದು. ಹಣ ಹೋಗಿದ್ದರೆ ಒಂದು ನಿಮಿಷವೂ ತಡಮಾಡದೆ 1930ಕ್ಕೆ ಕರೆ ಮಾಡಬೇಕು, ಬ್ಯಾಂಕಿಗೂ ತಿಳಿಸಬೇಕು. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ದಾಟುವ ಮೊದಲು ತಡೆಹಿಡಿಯಲು ಸಾಧ್ಯವಾಗುವುದು ಬೇಗ ತಿಳಿಸಿದಾಗ ಮಾತ್ರ. ಕಾರವಾರದಲ್ಲಿ ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆ ಇದೆ. ನಾಚಿಕೆಪಟ್ಟು ಸುಮ್ಮನಿದ್ದರೆ ನಷ್ಟ ನಮಗೆ, ಲಾಭ ವಂಚಕನಿಗೆ.

ಸಂಘದ ಹೊಣೆ

ಸದಸ್ಯರ ನಂಬರುಗಳ ದೊಡ್ಡ ಪಟ್ಟಿ ಇರುವುದು ಸಂಘದಲ್ಲೇ. ಅದರಲ್ಲಿ ಹೆಸರು, ಖಾತೆ, ಮೊಬೈಲ್ ಎಲ್ಲ ಒಂದೇ ಸಾಲಿನಲ್ಲಿರುತ್ತವೆ. ವಂಚಕನಿಗೆ ಇದಕ್ಕಿಂತ ಬೆಲೆಯುಳ್ಳ ಕಾಗದ ಇನ್ನೊಂದಿಲ್ಲ. ಸಂಸತ್ತು 2023ರಲ್ಲಿ ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ತಿರುಳೂ ಇದೇ: ಯಾವ ಉದ್ದೇಶಕ್ಕೆ ಮಾಹಿತಿ ಪಡೆದಿದ್ದೇವೋ ಅದಕ್ಕೇ ಬಳಸಬೇಕು. ಬಟವಾಡೆ ಪಟ್ಟಿಯನ್ನು ಗೋಡೆಗೆ ಅಂಟಿಸುವುದು, ಫೋಟೋ ತೆಗೆದು ಗುಂಪಿಗೆ ಹಾಕುವುದು, ಪಶು ಆಹಾರ ಅಥವಾ ಔಷಧ ಮಾರುವವರು ಕೇಳಿದರೆಂದು ಪಟ್ಟಿ ಕೊಡುವುದು ನಿಲ್ಲಬೇಕು. ಸಂಘದ ಬೋರ್ಡಿನಲ್ಲಿ ಕಾರ್ಯದರ್ಶಿಯವರ ಮನೆಯ ನಂಬರಿನ ಬದಲು ಸಂಘದ ಹೆಸರಿನ ಒಂದು ನಂಬರು ಇದ್ದರೆ ಉತ್ತಮ. ಕಾರ್ಯದರ್ಶಿ ಬದಲಾದರೂ ನಂಬರು ಬದಲಾಗುವುದಿಲ್ಲ.

ವೆಬ್‌ಸೈಟ್ ಮಾಡಿಸುವ ಮೊದಲು ಕೇಳಬೇಕಾದ ಐದು ಪ್ರಶ್ನೆಗಳು

1. ಪುಟದಲ್ಲಿರುವ ನಂಬರು ನನ್ನ ಬ್ಯಾಂಕ್ ಖಾತೆಗೆ ಜೋಡಿಸಿದ್ದೇ?
2. ಇಮೇಲ್ ವಿಳಾಸ ‘@’ ಗುರುತಿನೊಂದಿಗೆ ಬಯಲಿನಲ್ಲಿದೆಯೇ?
3. ವಿಚಾರಣೆಯ ನಮೂನೆಯಲ್ಲಿ ಬಾಟ್ ತಡೆಯುವ ವ್ಯವಸ್ಥೆ ಇದೆಯೇ?
4. ವೆಬ್‌ಸೈಟಿನ ಹೆಸರನ್ನು ಯಾವ ನಂಬರು, ಯಾವ ಇಮೇಲ್ ಕೊಟ್ಟು ನೋಂದಾಯಿಸಲಾಗಿದೆ?
5. ಮಾತಾಡುವ ವೇಳೆಯನ್ನು ಬರೆಯಲಾಗಿದೆಯೇ?

ಈ ಐದಕ್ಕೂ ಸರಿಯಾದ ಉತ್ತರ ಸಿಕ್ಕ ಮೇಲೆ ನಂಬರು ಹಾಕಲು ಹಿಂಜರಿಯಬೇಕಾಗಿಲ್ಲ. ಬೇಡದ ಕರೆಗೆ ಹೆದರಿ ವಿಳಾಸವನ್ನೇ ಕೊಡದೆ ಕುಳಿತರೆ ನಮ್ಮ ತುಪ್ಪ, ನಮ್ಮ ಮಾವು ನಡುವಿನವರ ಕೈಗೇ ಹೋಗಬೇಕಾಗುತ್ತದೆ. ಗಿರಾಕಿಗೆ ದಾರಿ ತೆರೆದಿರಲಿ, ಆದರೆ ಆ ದಾರಿ ಅಂಗಳದವರೆಗೆ ಬರಲಿ, ಹಣದ ಪೆಟ್ಟಿಗೆಯವರೆಗೆ ಬೇಡ. ಸದಸ್ಯರು ಈ ಪುಟವನ್ನು ಮನೆಯ ಮಕ್ಕಳಿಗೂ ಓದಿಸಬೇಕು, ಮುಂದಿನ ಬಟವಾಡೆಯ ದಿನ ಸಂಘದಲ್ಲಿ ಈ ಬಗ್ಗೆ ಚರ್ಚಿಸಬೇಕು ಎಂದು ಕೋರಲಾಗಿದೆ.